ಜೊಂಡಿನ ಕುರ್ಚಿಯ ಫೋಸ್ಕಾ

ಜುಲೈ ತಿಂಗಳ ಶನಿವಾರ, ಇನ್ನೂ ಬೆಳಕು ಹರಿಯುತ್ತಿದೆ. ಇಟಲಿಯ ಪಿಸ್ತೋಯಿಯಾದ ಸಾಲಾ ಚೌಕದಲ್ಲಿ ತರಕಾರಿಯವರು ಈಗಷ್ಟೇ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾರೆ. ಕಾಮಕಸ್ತೂರಿ ಸೊಪ್ಪಿನ ಘಮ ಓಣಿಯವರೆಗೂ ಬಂದಿದೆ. ಓಣಿಯಲ್ಲಿ ಎಲ್ಲರ ಮನೆಯ ಬಾಗಿಲೂ ಮುಚ್ಚಿದ್ದು, ಒಂದು ಮಾತ್ರ ಹಾರುಹೊಡೆದಿದೆ. ಅದರೊಳಗಿಂದ ಕಿರ್, ಕಿರ್ ಎಂದು ಸದ್ದು ಬರುತ್ತಿದೆ. ಒದ್ದೆ ಜೊಂಡನ್ನು ಹೊಸೆದು ಹುರಿ ಮಾಡುವಾಗ ಅದು ಹಾಗೇ ಕಿರುಗುಟ್ಟುತ್ತದೆ.

"ಬಂದ್ಯಾ? ಬೆಳಕಿಗೆ ಅಡ್ಡ ನಿಲ್ಬೇಡ ಮಾರಾಯ್ತಿ. ಆ ಒದ್ದೆ ಗೋಣಿ ಎತ್ತಿ ಒಂದು ಹಿಡಿ ಜೊಂಡು ಕೊಡು," ಎನ್ನುತ್ತಾಳೆ ಫೋಸ್ಕಾ ನಿಕ್ಕೊಲಾಯಿ ನನಗೆ, ತಲೆ ಎತ್ತದೆಯೇ.

ಗಿಡ್ಡ ಮಣೆಯ ಮೇಲೆ ಕೂತು, ಎರಡು ಮಂಡಿಗಳ ನಡುವೆ ಕುರ್ಚಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಾಳೆ. ಮೂರು ಎಸಳು ಸೇರಿಸಿ ಹೊಸೆಯುವುದು, ಮುಂದಿನ ಅಡ್ಡಪಟ್ಟಿಗೆ ಸುತ್ತುವುದು, ಮೂಲೆ ತಿರುಗಿಸಿ ಎಳೆಯುವುದು, ಹೆಬ್ಬೆರಳಲ್ಲಿ ಒತ್ತುವುದು. ಮತ್ತೆ ಮೂರು ಎಸಳು. ನಾಲ್ಕು ಮೂಲೆಗಳಿಂದ ಹೊರಟ ಹುರಿಗಳು ನಡುವೆ ಬಂದು ಕೂಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಮುಂಚೆ ಮುಗಿಸಲೇಬೇಕು, ಇಲ್ಲದಿದ್ದರೆ ಜೊಂಡು ಒಣಗಿ ಕೈಯಲ್ಲೇ ಮುರಿಯುತ್ತದೆ. ಇವತ್ತು ಅವಳು ಹೆಣೆಯುತ್ತಿರುವುದು ಕಡೆಯ ಕುರ್ಚಿ. ಬೆನ್ನಿಗೆ ಹಿತ್ತಾಳೆಯ ಪುಟ್ಟ ಪಟ್ಟಿ, ಅದರ ಮೇಲೆ 'ಎವೆಲಿನಾ' ಎಂಬ ಹೆಸರು.

ನಾಳೆ ಭಾನುವಾರ ಈ ಕುರ್ಚಿಯ ಮೇಲೆ ಎವೆಲಿನಾ ಕೂರುತ್ತಾಳೋ ಇಲ್ಲವೋ ಎನ್ನುವುದೇ ನಮ್ಮ ಕೇರಿಯ ಸದ್ಯದ ದೊಡ್ಡ ಸುದ್ದಿ. ಕೂತರೆ ಸಂತ ಎಲಿಜಿಯೋ ಚರ್ಚಿನಲ್ಲಿ ಜೊಂಡಿನ ಕುರ್ಚಿಗಳು ಉಳಿಯುತ್ತವೆ, ಫೋಸ್ಕಾಳ ಕಸುಬೂ ಉಳಿಯುತ್ತದೆ. ಕೂರದಿದ್ದರೆ, ಮುಚ್ಚಿಹೋದ ನೃತ್ಯಶಾಲೆಯೊಂದರಿಂದ ಪುಕ್ಕಟೆ ಬಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಏರಿಕೊಂಡು ಪಕ್ಕದ ಕೋಣೆಯಲ್ಲಿ ಕಾದು ನಿಂತಿವೆ. ಬರೆಯುತ್ತಿರುವ ನನಗೇ ಕೈ ಸುಮ್ಮನಿಲ್ಲ. ಈ ಊರಿಗೆ ಸೊಸೆಯಾಗಿ ಬಂದು ತಲೆ ನರೆಯುತ್ತಾ ಬಂತು, ಕುರ್ಚಿಯೊಂದರ ಬಗ್ಗೆ ಇಷ್ಟು ನಿದ್ದೆಗೆಟ್ಟಿದ್ದು ಇದೇ ಮೊದಲು!

ಫ್ಲಾರೆನ್ಸಿನಿಂದ ಲುಕ್ಕಾಗೆ ಹೋಗುವ ರೈಲಿನಲ್ಲಿ ಕೂತು ನಮ್ಮೂರನ್ನು ಕಿಟಕಿಯಿಂದಲೇ ನೋಡಿ ಮುಗಿಸುವವರು ಬೇಕಾದಷ್ಟು ಜನ. ಕಾಲಿಗೆ ಚಕ್ರ ಕಟ್ಟಿಕೊಂಡ ಅಂಥವರ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ. ನಮ್ಮ ಮನೆಯ ಮೇಲಿನ ಕೋಣೆಯನ್ನು ನಾನು ತಿಂಗಳುಗಟ್ಟಲೆ ಇರುವವರಿಗೆ ಮಾತ್ರ ಬಾಡಿಗೆಗೆ ಕೊಡುತ್ತೇನೆ. ಈಗ ಇರುವವನು ಡೆನ್ಮಾರ್ಕಿನ ಆಸ್ಗರ್ ಎಂಬ ನಿವೃತ್ತ ಮೇಷ್ಟ್ರು, ತೆಂಗಿನ ಮರದಷ್ಟು ಉದ್ದ. ಬೆಳಿಗ್ಗೆ ಚೌಕದಲ್ಲಿ ಒಂದು ಪೀಚ್ ಹಣ್ಣು ಕೊಂಡು ತಿನ್ನುತ್ತಾನೆ, ಆಮೇಲೆ ಚರ್ಚಿಗೆ ಹೋಗಿ ಒಂದೇ ಗೋಡೆಯನ್ನು ನೋಡುತ್ತಾನೆ, ಚಿತ್ರ ಬರೆಯುತ್ತಾನೆ, ಮಧ್ಯಾಹ್ನ ಬಂದು ಮಲಗುತ್ತಾನೆ. ನಿಧಾನವೇ ಪ್ರಧಾನ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಗೋಡೆಯೂ ಅಂಥದ್ದೇ. ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ಗಳಿಗೆಯನ್ನು ಯಾರೋ ಹೆಸರಿಲ್ಲದ ಪುಣ್ಯಾತ್ಮ ಅಲ್ಲಿ ಬರೆದಿದ್ದಾನೆ. ಮೇಲಿನ ಅರ್ಧ ತೇವಕ್ಕೆ ಮಾಸಿದೆ. ಕೆಳಗಿನ ಅರ್ಧ ಮಾತ್ರ ನಿನ್ನೆ ಬರೆದ ಹಾಗಿದೆ. ಹಾಸಿಗೆಯಲ್ಲಿ ಬಾಣಂತಿ ಅನ್ನಮ್ಮ, ಅಂಗಿಯ ತೋಳು ಮೇಲೇರಿಸಿಕೊಂಡು ಕೂಸಿಗೆ ನೀರು ಹಾಕುವ ಸೂಲಗಿತ್ತಿ, ಕೋಳಿಸಾರಿನ ಬಟ್ಟಲು ಹಿಡಿದು ಬರುವ ಹೆಂಗಸು, ಅವಳ ಕಾಲಿಗೆ ಅಡ್ಡ ಬರುವ ಬೆಕ್ಕು. ನಿಂತು ನೋಡಿದರೆ ಗೋಡೆಯ ಮೇಲಿನ ಚಿತ್ರ ಅಷ್ಟೇ. ಗಿಡ್ಡ ಕುರ್ಚಿಯಲ್ಲಿ ಕೂತು ನೋಡಿದರೆ ಕಣ್ಣು ಅವರ ಕಣ್ಣಿಗೆ ಸಮನಾಗುತ್ತದೆ, ನೀವೂ ಆ ಬಾಣಂತಿ ಕೋಣೆಯೊಳಗೇ ಇರುತ್ತೀರಿ. ಹಾಗೆ ಕೂರಿಸುವವಳು ಫೋಸ್ಕಾ. ಎಲೆಮರೆಯ ಕಾಯಿ ಅಂತ ಯಾರನ್ನಾದರೂ ಕರೆಯುವುದಾದರೆ ಇವಳನ್ನೇ ಕರೆಯಬೇಕು, ಏಕೆಂದರೆ ಇವಳ ಕೆಲಸ ಇರುವುದೇ ಕೂತವರ ಕೆಳಗೆ.

ಫೋಸ್ಕಾಳ ತವರು ಫುಚೆಕ್ಕಿಯೋ ಜೌಗಿನ ಅಂಚಿನ ಹಳ್ಳಿ. ಅಲ್ಲಿ ಹೆಣ್ಣುಮಕ್ಕಳು ನಡೆಯುವುದಕ್ಕಿಂತ ಮೊದಲು ಜೊಂಡು ಹೊಸೆಯುವುದನ್ನು ಕಲಿಯುತ್ತಾರೆ ಎಂದು ಗೇಲಿ ಮಾಡುತ್ತಾರೆ. "ನಮ್ಮಮ್ಮ ವೈನ್ ಬುಡ್ಡಿಗಳಿಗೆ ಜೊಂಡಿನ ಲಂಗ ಹಾಕ್ತಿದ್ಲು. ಬುಡ್ಡಿ ಹೊಟ್ಟೆ ಗುಂಡಗೆ ಅಲ್ವಾ, ಲಂಗ ಇಲ್ದಿದ್ರೆ ನಿಲ್ಲೋದೇ ಇಲ್ಲ. ಆಮೇಲೆ ಪ್ಲಾಸ್ಟಿಕ್ ಲಂಗ ಬಂತು. ಅಮ್ಮ ಒಂದು ದಿನ ಆ ಪ್ಲಾಸ್ಟಿಕ್ ಬುಡ್ಡಿ ತಂದು ಮೇಜಿನ ಮೇಲಿಟ್ಟು, ಇಡೀ ಸಂಜೆ ಅದನ್ನೇ ನೋಡ್ತಾ ಕೂತ್ಲು. ಬೈಲಿಲ್ಲ, ಅಳ್ಲಿಲ್ಲ. ಮಾರನೇ ದಿನ ಪೊರಕೆ ಕಾರ್ಖಾನೆಗೆ ಸೇರ್ಕೊಂಡ್ಲು. ನನ್ನನ್ನೂ ಎಳ್ಕೊಂಡು ಹೋದ್ಲು," ಎನ್ನುತ್ತಾಳೆ.

ಪೊರಕೆ ಕಾರ್ಖಾನೆಯೂ ಮುಚ್ಚಿತು. ಅಷ್ಟರಲ್ಲಿ ಮದುವೆಯಾಗಿತ್ತು. ಗಂಡ ರೆನ್ಸೋನ ಕಡೆಯವರು ಉತ್ತರದ ಬೆಟ್ಟಗಳಿಂದ ಇಳಿದು ಬಂದವರು, ಬೆನ್ನ ಮೇಲೆ ಜೊಂಡು ಹೊತ್ತು ಊರೂರು ಸುತ್ತಿ 'ಕುರ್ಚೀ, ಕುರ್ಚೀ' ಎಂದು ಕೂಗುತ್ತಾ ಹೆಣೆದು ಬದುಕಿದವರು. ಮಾವ ಮಗನಿಗೆ ಕಸುಬು ಕಲಿಸಲು ನೋಡಿ ಸೋತು, ಸೊಸೆಯ ಕೈ ಹಿಡಿದು ಮಣೆಯ ಮೇಲೆ ಕೂರಿಸಿದನಂತೆ. ರೆನ್ಸೋ ಊರಿನ ಬಸ್ ಓಡಿಸುತ್ತಾನೆ. "ಇಡೀ ವಂಶದಲ್ಲಿ ಕೂತ್ಕೊಂಡು ಸಂಬಳ ತಗೊಳ್ಳೋನು ಇವನೊಬ್ನೇ," ಎಂದು ಫೋಸ್ಕಾ ನಗುತ್ತಾಳೆ. ಒಳಗಿನಿಂದ ರೆನ್ಸೋ, "ಅದಕ್ಕೇ ಮನೇಲಿ ಬೇಳೆ ಬೇಯ್ತಿರೋದು," ಎಂದು ಕೂಗುತ್ತಾನೆ.

ಒಂದು ಕುರ್ಚಿಗೆ ಒಂದು ಬೆಳಗು. ಬೆನ್ನು ಒಪ್ಪಿದರೆ ಸಂಜೆಯ ತಂಪಿನಲ್ಲಿ ಇನ್ನೊಂದು. ಬೆನ್ನು ಈಚೆಗೆ ಒಪ್ಪುವುದು ಕಡಿಮೆ. ಅರವತ್ತು ದಾಟಿದ ಕೈಗಳನ್ನು ಅವಳು ನನ್ನ ಮುಂದೆ ಚಾಚುತ್ತಾಳೆ. ಬೆರಳ ತುದಿಗಳಲ್ಲಿ ಸೀಳು, ಜೊಂಡಿನ ಅಂಚು ಬ್ಲೇಡಿನಂತೆ ಕೊಯ್ದ ಗೆರೆಗಳು. ಚಳಿಗಾಲದಲ್ಲಿ ನೀರಲ್ಲಿ ನೆನೆದು ನೆನೆದು ಊದಿಕೊಳ್ಳುತ್ತವೆ, ರಾತ್ರಿ ಆಲಿವ್ ಎಣ್ಣೆ ಹಚ್ಚಿ ಹಳೆಯ ಕಾಲುಚೀಲ ತೊಡಿಸಿ ಮಲಗುತ್ತಾಳೆ. ಕೈಗೆ ಕಾಲುಚೀಲ ಹಾಕಿಕೊಂಡ ಹೆಂಡತಿಯನ್ನು ನೋಡಿ ರೆನ್ಸೋಗೆ ಈಗಲೂ ನಗು.

ಇಷ್ಟು ಗಟ್ಟಿಗಿತ್ತಿ ಕಳೆದ ವರ್ಷ ಒಂದು ತಪ್ಪು ಮಾಡಿದಳು. ಅದನ್ನು ಮುಚ್ಚಿಡುವ ಹೆಣ್ಣಲ್ಲ ಅವಳು. ಜೌಗಿನವರಲ್ಲಿ ಒಂದು ಕಟ್ಟಳೆ ಇದೆ. ಜುಲೈ ಮಧ್ಯದ ಕಾರ್ಮೆಲ್ ಮಾತೆಯ ಹಬ್ಬ ಮುಗಿಯುವ ತನಕ ಜೊಂಡಿಗೆ ಕುಡುಗೋಲು ಇಡಬಾರದು. ಅಷ್ಟರೊಳಗೆ ಕೊಯ್ದರೆ ಜೊಂಡು ಎಳೆಯದು, ಒಣಗಿದ ಮೇಲೆ ಕುಗ್ಗುತ್ತದೆ. ಆದರೆ ಅವಳಿಗೆ ಜೊಂಡು ಕೊಯ್ದು ಕೊಡುವ ಗೀನೋ ಎಂಬ ಮುದುಕನಿಗೆ ಆ ಜುಲೈನಲ್ಲೇ ಮೊಣಕಾಲು ಆಪರೇಷನ್ ಎಂದು ಆಸ್ಪತ್ರೆಯವರು ದಿನ ಕೊಟ್ಟರು.

"ಗೀನೋ ಬಂದು, 'ಫೋಸ್ಕಾ, ಈಗ ಕೊಯ್ಯೋಣ್ವೋ, ಇಲ್ಲಾ ಮುಂದಿನ ವರ್ಷಾನೋ' ಅಂದ. ಕಾರ್ಮೆಲ್ ಮಾತೆ ದೊಡ್ಡ ಮನಸ್ಸಿನೋಳು, ಒಂದೆರಡು ವಾರ ಹೊಂದಿಸ್ಕೋತಾಳೆ ಅಂದ್ಕೊಂಡೆ. ಹೊಂದಿಸ್ಕೊಳ್ಲಿಲ್ಲ ನೋಡು."

ಆತುರಗಾರರಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಆ ಎಳೆ ಜೊಂಡಿನಲ್ಲಿ ಚರ್ಚಿನ ಕುರ್ಚಿಗಳನ್ನೆಲ್ಲ ಹೆಣೆದಳು. ಸೆಪ್ಟೆಂಬರಿನಲ್ಲಿ ಹೊನ್ನಿನ ಬಣ್ಣದಲ್ಲಿ ಹೊಳೆದವು, ಎಲ್ಲರೂ ಹೊಗಳಿದರು. ಚಳಿಗೆ ಚರ್ಚಿನಲ್ಲಿ ಒಲೆ ಹಚ್ಚಿದ ಮೇಲೆ ಒಳಗೊಳಗೇ ಒಣಗಿ ಕುಗ್ಗಿ ಸಡಿಲವಾದವು. ಕ್ರಿಸ್‌ಮಸ್ ಪೂಜೆಯಲ್ಲಿ, ಗಾಯನದವರು ಹಾಡು ಎತ್ತಿಕೊಂಡ ಗಳಿಗೆಯಲ್ಲೇ, ಮುಂದಿನ ಸಾಲಿನಲ್ಲಿ ಎವೆಲಿನಾ ಕೂತಳು, ಕೂತವಳು ಹಾಗೇ ಕೆಳಗಿಳಿದಳು. ಸೊಂಟ ಚೌಕಟ್ಟಿನೊಳಗೆ ಸಿಕ್ಕಿಕೊಂಡಿತು. ಮಂಡಿಗಳು ಗಲ್ಲಕ್ಕೆ ಬಂದವು. ಎತ್ತಲು ಹೋದರೆ ಕುರ್ಚಿಯೂ ಜೊತೆಗೇ ಎದ್ದು ಬಂತು. ಗಾಯನದವರಲ್ಲಿ ಮೊದಲು ಒಬ್ಬನಿಗೆ ನಗು ಬಂತು, ಆಮೇಲೆ ಹಾಡೇ ನಿಂತುಹೋಯಿತು.

ಬಿದ್ದವಳು ಬೇರೆ ಯಾರಾದರೂ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಎವೆಲಿನಾ ಈ ಕೇರಿಯ ಸೂಲಗಿತ್ತಿ. ಆಸ್ಪತ್ರೆಯಲ್ಲೂ ಮನೆಗಳಲ್ಲೂ ಅರ್ಧ ಕೇರಿಯನ್ನು ತನ್ನ ಕೈಯಿಂದಲೇ ಭೂಮಿಗೆ ಇಳಿಸಿದವಳು. ಗೋಡೆಯ ಮೇಲಿನ ಸೂಲಗಿತ್ತಿಗೆ ಎದುರಾಗಿ ಅವಳ ಕುರ್ಚಿ. ಮದುವೆಯಾಗಿ ಬಂದ ಲಾಗಾಯ್ತು ಅಲ್ಲೇ ಕೂರುತ್ತಿದ್ದವಳು ಆ ರಾತ್ರಿಯಿಂದ ಕೂತಿಲ್ಲ. ಪ್ರತಿ ಭಾನುವಾರ ಬಂದು ಕಂಬಕ್ಕೆ ಒರಗಿ, ಪೂಜೆ ಮುಗಿಯುವವರೆಗೂ ನಿಂತೇ ಇರುತ್ತಾಳೆ. ಎಂಬತ್ತು ಮುಟ್ಟುತ್ತಿರುವ ಮಂಡಿಗಳು ನಡುಗುವುದು ಹಿಂದಿನ ಸಾಲಿಗೂ ಕಾಣುತ್ತದೆ.

"ಅವಳು ಬೈದಿದ್ರೆ ಚೆನ್ನಾಗಿತ್ತು. ಕಂಬದ ಹತ್ರ ನಿಂತಿರ್ತಾಳಲ್ಲ, ಅದನ್ನ ನೋಡೋಕಾಗಲ್ಲ ನಂಗೆ. ನಾನು ಪೂಜೆಗೆ ಹೋಗೋದು ದೇವ್ರನ್ನ ನೋಡೋಕೋ, ಅವಳ ಮಂಡಿ ನೋಡೋಕೋ ನಂಗೇ ಗೊತ್ತಿಲ್ಲ," ಎನ್ನುತ್ತಾಳೆ ಫೋಸ್ಕಾ. ಇಷ್ಟು ಹೇಳುವಾಗ ಮಾತ್ರ ಅವಳ ಕೈ ನಿಲ್ಲುತ್ತದೆ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಚೌಕದಲ್ಲಿ ಫೋಸ್ಕಾ ಕಂಡರೆ ಸಾಕು, "ಏನಮ್ಮಾ, ಈ ಸಲ ಹೆಣೆದಿರೋದು ಕುರ್ಚೀನೋ, ಮೀನಿನ ಬಲೇನೋ?" ಎನ್ನುತ್ತಾನೆ ಕಸಾಯಿ ಅಂಗಡಿಯ ಒರೆಸ್ತೆ. ಕಾಫಿ ಕುಡಿಯಲು ಹೋದರೆ, ಕೂರುವ ಮೊದಲು ಸ್ಟೂಲನ್ನು ತಟ್ಟಿ ನೋಡುವ ನಾಟಕ ನಡೆಯುತ್ತದೆ. ಫೋಸ್ಕಾ ಎಲ್ಲರ ಜೊತೆಗೂ ನಗುತ್ತಾಳೆ. ಮನೆಗೆ ಬಂದ ಮೇಲೆ ನಗುವುದಿಲ್ಲ ಎಂದು ರೆನ್ಸೋ ನನಗೆ ಬೇರೆಯಾಗಿ ಹೇಳಿದ್ದಾನೆ.

ಚರ್ಚಿನ ಪಾದ್ರಿ ದೋನ್ ಇಲಾರಿಯೋ ಕೆಟ್ಟವರಲ್ಲ. ಜನರ ಮಾತಿಗೆ ಅಂಜುವವರು, ಎವೆಲಿನಾಗಂತೂ ಇನ್ನೂ ಹೆಚ್ಚು ಅಂಜುವವರು. ಅವರ ತಾಯಿಗೆ ಹೆರಿಗೆ ಮಾಡಿಸಿದವಳೂ ಅವಳೇ. "ಕಾಲು ಮುಂದಾಗಿ ಹುಟ್ಟಿದೋನು ಅವನು, ಅವನ ಮಾತೇನು ಕೇಳ್ತೀರ," ಎಂದು ಎವೆಲಿನಾ ಇಡೀ ಸಭೆಯ ಮುಂದೆ ಒಮ್ಮೆ ಅಂದಿದ್ದಳು. ಪ್ಲಾಸ್ಟಿಕ್ ಕುರ್ಚಿಗಳು ಬಂದಿಳಿದ ದಿನ ಫೋಸ್ಕಾ ಹೋಗಿ ಅವರ ಮುಂದೆ ನಿಂತಳಂತೆ.

"ಗುರುಗಳೇ, ಎಲ್ಲಾ ಕುರ್ಚೀನೂ ಬಿಚ್ಚಿ ಮತ್ತೆ ಹೆಣೀತೀನಿ. ಹೋದ ವರ್ಷ ಹಬ್ಬ ಆದ್ಮೇಲೆ ಗೀನೋ ಊರಿನವರು ಕೊಯ್ದಿಟ್ಟ, ಚೆನ್ನಾಗಿ ಬಲಿತು ಒಣಗಿರೋ ಜೊಂಡು ಅವನ ಅಟ್ಟದಲ್ಲಿದೆ. ಜುಲೈ ಕೊನೇಲಿ ಬರೋ ಸಂತ ಜಾಕೊಮೋ ಹಬ್ಬದೊಳಗೆ ಮುಗಿಸ್ತೀನಿ."

"ನಂಗೆ ಜೊಂಡಿನ ಮೇಲೆ ದ್ವೇಷ ಇಲ್ಲಮ್ಮ. ಭಕ್ತರು ಕುರ್ಚಿ ಮೇಲೆ ಕೂರ್ಬೇಕು, ಕುರ್ಚಿ ಒಳಗೆ ಹೋಗ್ಬಾರ್ದು, ಅಷ್ಟೇ. ನೀನು ಹೆಣಿ. ಎವೆಲಿನಾ ಕೂತ್ರೆ ಕೇರಿಯೆಲ್ಲಾ ಕೂತ ಹಾಗೆ. ಅವಳು ಕೂರ್ಲಿಲ್ಲ ಅಂದ್ರೆ ನನ್ನನ್ನ ಕೇಳ್ಬೇಡ."

ಹೀಗೆ ಶುರುವಾದ ಕೆಲಸ ಇವತ್ತಿಗೆ ಬಂದು ಮುಟ್ಟಿದೆ. ನಾನು ನೋಡುತ್ತಿದ್ದಂತೆ ಕಡೆಯ ಹುರಿ ನಡುವಿನ ಗೆರೆಯನ್ನು ದಾಟುತ್ತದೆ. ಮುರಿದ ಜೊಂಡನ್ನು ಮರದ ಕಡ್ಡಿಯಿಂದ ಒಳಗೆ ತುರುಕುತ್ತಾಳೆ, ತುರುಕಿ ತುರುಕಿ ಮೇಲ್ಮೈ ಬಿಗಿಯಾಗುತ್ತದೆ. ಹುರಿಯ ತುದಿಯನ್ನು ಅಡಿಯಲ್ಲಿ ಗಂಟು ಹಾಕಿ ಅಂಗೈಯಿಂದ ಒಮ್ಮೆ ಬಡಿಯುತ್ತಾಳೆ. ಮೃದಂಗಕ್ಕೆ ಬಡಿದಂತೆ ತುಂಬಿದ ದನಿ ಬರುತ್ತದೆ. "ಮುಗೀತು," ಎನ್ನುತ್ತಾಳೆ. ಎದ್ದು ನಿಲ್ಲಲು ಗೋಡೆ ಹಿಡಿಯುತ್ತಾಳೆ.

ಅದೇ ಬೆಳಿಗ್ಗೆ ಚೌಕದಲ್ಲಿ ನನಗೆ ಎವೆಲಿನಾ ಸಿಕ್ಕಳು. ಹುರುಳಿಕಾಯಿಯನ್ನು ಒಂದೊಂದಾಗಿ ಮುರಿದು ನೋಡಿ ಚೀಲಕ್ಕೆ ಹಾಕುತ್ತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ. "ನಾಳೆ ಕೂರ್ತೀರಲ್ವಾ ಅಮ್ಮಾ?"

"ಯಾಕೆ ಕೂರ್ಬೇಕು? ಒಂದ್ಸಲ ಕೂತಿದ್ದಕ್ಕೆ ಆರು ತಿಂಗಳು ನಕ್ಕಿದ್ದಾರೆ. ನಾನು ಎಷ್ಟು ಹೆಂಗಸರನ್ನ ಎಂತೆಂಥಾ ಅವಸ್ಥೇಲಿ ನೋಡಿದೀನಿ ಗೊತ್ತಾ? ಒಬ್ಬರ ಮೇಲಾದ್ರೂ ನಕ್ಕಿದೀನಾ? ನನ್ನ ಮಾನ ಹೋಗೋದಕ್ಕೆ ಒಂದು ಕುರ್ಚಿ ಸಾಕಾಯ್ತು ಇವರಿಗೆ."

"ಫೋಸ್ಕಾ ತುಂಬಾ ನೊಂದ್ಕೊಂಡಿದಾಳೆ."

"ಅವಳ ಮೇಲೆ ನಂಗೆ ಸಿಟ್ಟಿಲ್ಲ ಕಣೇ. ಅವಳು ನಕ್ಕಿಲ್ಲ. ಆದ್ರೂ ಕೂರಲ್ಲ," ಎಂದು ಹೇಳಿ, ಬಲಿತ ಹುರುಳಿಕಾಯೊಂದನ್ನು ವ್ಯಾಪಾರಿಯ ಮುಂದೆ ಎಸೆದು ಹೊರಟಳು. ಈ ಮಾತನ್ನು ಫೋಸ್ಕಾಗೆ ಹೇಳಲು ನನಗೆ ನಾಲಿಗೆ ಬರಲಿಲ್ಲ.

ಸಂಜೆ ತರಕಾರಿಯವರೆಲ್ಲ ಅಂಗಡಿ ಎತ್ತಿದ ಮೇಲೆ ತಮ್ಮ ಕೈಗಾಡಿಗಳನ್ನು ಕೊಟ್ಟರು. ಓಣಿಯಿಂದ ಚರ್ಚಿಗೆ ಕುರ್ಚಿಗಳ ಮೆರವಣಿಗೆಯೇ ಹೊರಟಿತು. ಕಿಟಕಿಗಳಿಂದ ಜನ ತಮ್ಮ ತಮ್ಮ ಹೆಸರಿನ ಪಟ್ಟಿ ಹುಡುಕುತ್ತಾ, "ನಮ್ಮದು ಎಲ್ಲಿ? ಅಕೋ ಅಲ್ಲಿ!" ಎಂದು ಕೂಗಿದರು. ಚರ್ಚಿನ ಕುರ್ಚಿಗಳಿಗೆ ಹಿಂದೆ ಮನೆಮನೆಯವರು ಕೊಡುತ್ತಿದ್ದ ಬಾಡಿಗೆ ಈಗಿಲ್ಲ, ಆದರೂ ಒಬ್ಬರ ಹೆಸರಿನ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವುದೆಂದರೆ ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಕೈ ಹಾಕಿದ ಹಾಗೆ. ಸತ್ತವರ ಕುರ್ಚಿಯನ್ನು ಕೂಡ ಮಕ್ಕಳು ಬರುವ ತನಕ ಖಾಲಿ ಬಿಡುತ್ತಾರೆ.

ಭಾನುವಾರ. ಗಂಟೆ ಬಾರಿಸುವ ಮೊದಲೇ ಚರ್ಚಿನ ಮುಂದೆ ಜಾತ್ರೆಯಂಥ ಗದ್ದಲ. ಬೆಟ್ಟದ ಕಡೆಯವರ ಪದ್ಧತಿಯಂತೆ ಹೊಸದಾಗಿ ಹೆಣೆದ ಕುರ್ಚಿಯನ್ನು ಕೇರಿಯ ಅತಿ ತೂಕದ ಮನುಷ್ಯ ಕೂತು ಪರೀಕ್ಷೆ ಮಾಡಬೇಕು. ಆ ಗೌರವಕ್ಕೆ ಒರೆಸ್ತೆಯ ಎದುರು ಸ್ಪರ್ಧಿಗಳೇ ಇಲ್ಲ. ಭಾನುವಾರದ ಕೋಟು ತೊಟ್ಟು ಬಂದು, ಮೆಟ್ಟಿಲ ಮೇಲಿಟ್ಟ ಕುರ್ಚಿಯ ಮುಂದೆ ನಿಂತು, ಜನಕ್ಕೆಲ್ಲ ನಮಸ್ಕಾರ ಮಾಡಿ, ಕಣ್ಣು ಮುಚ್ಚಿ, ಧೊಪ್ಪೆಂದು ಕೂತ. ಕುರ್ಚಿ ಕಿರ್ ಎಂದಿತು, ಅಲುಗಲಿಲ್ಲ. ಎದ್ದು ಮತ್ತೆ ಕೂತ. ಮತ್ತೆ. ಜನ ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಇನ್ನೊಂದು ಕುರ್ಚಿ ಬಂತು, ಮತ್ತೊಂದು ಬಂತು. ಒರೆಸ್ತೆಯ ಕೋಟು ಬೆವರಿಗೆ ಬೆನ್ನಿಗಂಟಿತು.

"ಸಾಕು ಬಿಡ್ರಪ್ಪಾ, ನಾನು ಕೂತು ಕೂತು ಸಣ್ಣಗಾದೆ," ಎಂದ.

"ಇನ್ನೊಂದು ಕೂತ್ಕೋ, ನಿನ್ನ ಹೆಂಡ್ತಿ ಗುರುತು ಹಿಡೀದೇ ಇರ್ಲಿ," ಎಂದಿತು ಗುಂಪಿನೊಳಗಿನ ದನಿ. ಫೋಸ್ಕಾಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಿಜವಾದ ನಗು ಕಂಡಿತು. ನನಗಂತೂ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಎವೆಲಿನಾ ಬಂದಳು. ಕಪ್ಪು ಉಡುಪು, ಕೈಯಲ್ಲಿ ಬೀಸಣಿಗೆ. ಗುಂಪು ತಾನಾಗಿಯೇ ದಾರಿ ಬಿಟ್ಟಿತು. ಒರೆಸ್ತೆ ಎದ್ದು ನಿಂತು, "ಅಮ್ಮಾ, ನಾನೇ ಕೂತು ನೋಡ್ದೆ. ಬಂಡೆ ಇದ್ದ ಹಾಗಿದೆ," ಎಂದ.

"ನೀನು ಹುಟ್ಟಿದಾಗ್ಲೂ ಬಂಡೆ ಇದ್ದ ಹಾಗೇ ಇದ್ದೆ. ನಿಮ್ಮಮ್ಮನ್ನ ಕೇಳು," ಎಂದಳು ಎವೆಲಿನಾ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಒಳಗೆ ಹೋದಳು, ತನ್ನ ಕುರ್ಚಿಯನ್ನು ಒಮ್ಮೆ ನೋಡಿದಳು, ಅದನ್ನು ದಾಟಿ ಕಂಬದ ಬಳಿ ಹೋಗಿ ಒರಗಿ ನಿಂತಳು.

ಹಿಂದೆ ಬಂದವರೆಲ್ಲ ಅಲ್ಲಲ್ಲೇ ನಿಂತುಬಿಟ್ಟರು. ಯಾರಿಗೂ ಕೂರುವ ಧೈರ್ಯವಿಲ್ಲ. ಹೊಸ ಜೊಂಡಿನ ಹುಲ್ಲುವಾಸನೆ ಚರ್ಚಿನ ತುಂಬ ಇದೆ, ಖಾಲಿ ಕುರ್ಚಿಗಳು ಸಾಲಾಗಿ ಹೊಳೆಯುತ್ತಿವೆ, ಇಡೀ ಕೇರಿ ಅವುಗಳ ಪಕ್ಕದಲ್ಲಿ ನಿಂತಿದೆ. ಬಲಿಪೀಠದ ಬಳಿ ದೋನ್ ಇಲಾರಿಯೋ ಫೋಸ್ಕಾಳ ಕಡೆ ನೋಡಿ ಎರಡೂ ಕೈ ಸ್ವಲ್ಪ ಎತ್ತಿ ಇಳಿಸಿದರು. ಫೋಸ್ಕಾ ಬಾಗಿಲ ಬಳಿಯಲ್ಲೇ, ಸೀಳಿದ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಿಂತಿದ್ದಳು. ನನ್ನ ಕಣ್ಣು ತುಂಬಿಬಂತು.

ಆಗ ಆಸ್ಗರ್ ಬಂದ. ಪೂಜೆ ಮುಗಿದ ಮೇಲೆ ಬಾ ಎಂದು ನಾನು ಹೇಳಿದ್ದೆ, ಆದರೆ ಕುರ್ಚಿಗಳು ಮರಳಿವೆ ಎಂದು ಕೇಳಿದ ಮೇಲೆ ಅವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ವಾರಗಟ್ಟಲೆ ನೆಲದ ಮೇಲೆ ಕೂತು ಚಿತ್ರ ಬರೆದವನು. ನಿಂತವರನ್ನೆಲ್ಲ ಬಾಗಿ ಬಾಗಿ ದಾಟಿ ಮುಂದಕ್ಕೆ ಹೋದ. ಗೋಡೆಗೆ ಸರಿಯಾಗಿ ಎದುರಾಗಿದ್ದ ಖಾಲಿ ಕುರ್ಚಿಯನ್ನು ಕಂಡ. ಸುಖವಾಗಿ ನಿಟ್ಟುಸಿರು ಬಿಟ್ಟು, ಕಾಲು ಚಾಚಿ, ಎವೆಲಿನಾಳ ಕುರ್ಚಿಯ ಮೇಲೆ ಕೂತೇಬಿಟ್ಟ!

ಚರ್ಚಿನೊಳಗೆ ಒಂದೇ ಉಸಿರು ಒಳಗೆಳೆದ ಸದ್ದು ಕೇಳಿತು. ಕಂಬದ ಕಡೆಯಿಂದ "ಏಯ್!" ಎಂಬ ಕೂಗು. ಹೆರಿಗೆ ಕೋಣೆಯಲ್ಲಿ ಗಂಡಸರನ್ನು ಹೊರಗಟ್ಟುತ್ತಿದ್ದ ಅದೇ ದನಿ ಅದು.

"ಏಯ್ ಉದ್ದಾ! ಏಳು! ಯಾರ ಕುರ್ಚಿ ಅಂದ್ಕೊಂಡಿದೀಯಾ? ಹೆಸರು ಕಾಣ್ಸಲ್ವಾ? ಏಳೋ!"

ಆಸ್ಗರ್‌ಗೆ ಭಾಷೆ ಅಷ್ಟಕ್ಕಷ್ಟೆ. ತನ್ನನ್ನು ಸ್ವಾಗತಿಸುತ್ತಿದ್ದಾಳೆ ಎಂದುಕೊಂಡು ಕೂತಲ್ಲಿಂದಲೇ ಕೈ ಮುಗಿದ. ಎವೆಲಿನಾ ಕಂಬ ಬಿಟ್ಟು ದಾಪುಗಾಲು ಹಾಕುತ್ತಾ ಬಂದಳು, ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದಳು. ಕ್ಷಮೆ ಕೇಳುತ್ತಾ ಹಿಂದೆ ಹಿಂದೆ ಸರಿದ ಆ ಮನುಷ್ಯ ಹೋಗಿ ನಿಂತದ್ದು ಅವಳು ಬಿಟ್ಟುಬಂದ ಕಂಬದ ಬಳಿಯೇ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಎವೆಲಿನಾ ನಿಂತಳು. ಕಂಬ ಕೈತಪ್ಪಿತ್ತು. ಕುರ್ಚಿ ಬಿಟ್ಟುಹೋದರೆ ಆ ಉದ್ದ ಮನುಷ್ಯ ಮತ್ತೆ ಬಂದು ಕೂರುತ್ತಾನೆ ಎನ್ನುವಂತೆ ಅವನನ್ನೇ ದುರುಗುಟ್ಟಿ ನೋಡಿದಳು.

ಬಾಗಿದಳು. ಬಸುರಿಯ ಹೊಟ್ಟೆ ಮುಟ್ಟಿ ನೋಡುವಂತೆ ಜೊಂಡನ್ನು ನಾಲ್ಕು ಕಡೆ ಬೆರಳಿನಿಂದ ಒತ್ತಿದಳು. ಕರವಸ್ತ್ರ ತೆಗೆದು, ಪರದೇಶಿ ಕೂತಿದ್ದ ಜಾಗವನ್ನು ಒರೆಸಿದಳು. ಆಮೇಲೆ ತಿರುಗಿ, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು, ಮೆಲ್ಲಗೆ, ತುಂಬ ಮೆಲ್ಲಗೆ ಕೂತಳು.

ಜೊಂಡು ಕಿರ್ ಎಂದಿತು. ಅಷ್ಟೇ.

"ಚುಚ್ಚುತ್ತೆ," ಎಂದಳು ಎವೆಲಿನಾ, ಎಲ್ಲರಿಗೂ ಕೇಳುವಂತೆ.

"ಹೊಸದಲ್ವಾ ಅಮ್ಮಾ, ನಾಲ್ಕು ಭಾನುವಾರ ಕೂತ್ರೆ ಮೆತ್ತಗಾಗುತ್ತೆ," ಎಂದ ಒರೆಸ್ತೆ, ಅವಳ ಹಿಂದಿನ ಸಾಲಿನಲ್ಲಿ ಕೂರುತ್ತಾ. ಅವನ ಹಿಂದೆ ಅವನ ಹೆಂಡತಿ ಕೂತಳು, ಅವಳ ಪಕ್ಕದವರು ಕೂತರು. ಕಿರ್ ಕಿರ್ ಎನ್ನುತ್ತಾ ಇಡೀ ಚರ್ಚು ಕೂತಿತು. ದೋನ್ ಇಲಾರಿಯೋ ಪೂಜೆ ಶುರುಮಾಡುವ ಮೊದಲು, "ಕಿತ್ತಳೆ ಕುರ್ಚಿ ಬೇಕಾದವರು ನಾಳೆ ಬಂದು ತಗೊಂಡು ಹೋಗಿ," ಎಂದು ಒಂದೇ ಉಸಿರಿನಲ್ಲಿ ಹೇಳಿ ಶಿಲುಬೆಯ ಗುರುತು ಮಾಡಿದರು. ನಾನು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಪಕ್ಕದವಳು ಹಿಡಿದುಕೊಂಡಳು. ಆಸ್ಗರ್‌ನನ್ನು ಒರೆಸ್ತೆ ಸನ್ನೆ ಮಾಡಿ ಕರೆದು, ಬೇರೆ ಊರಿಗೆ ಹೋಗಿರುವ ತನ್ನ ತಮ್ಮನ ಕುರ್ಚಿಯಲ್ಲಿ ಕೂರಿಸಿದ. ಮೊದಲು ಪಟ್ಟಿಯ ಮೇಲಿನ ಹೆಸರನ್ನು ಬೆರಳಿಟ್ಟು ತೋರಿಸಿ, ತನ್ನ ಎದೆ ತಟ್ಟಿಕೊಂಡು ಅಪ್ಪಣೆ ಕೊಟ್ಟ.

ಫೋಸ್ಕಾ ಮಾತ್ರ ಬಾಗಿಲ ಬಳಿಯಲ್ಲಿ ನಿಂತೇ ಇದ್ದಳು. ನಾನು ಹಿಂದೆ ಹೋಗಿ ಅವಳ ಪಕ್ಕ ನಿಂತೆ. ಪ್ರಬೋಧನೆ ಶುರುವಾಗಿತ್ತು. ದೋನ್ ಇಲಾರಿಯೋ ತಾಳ್ಮೆಯ ಬಗ್ಗೆ ಮಾತಾಡುತ್ತಿದ್ದರು, ಹೊರಗೆ ಬಿಸಿಲು ಏರುತ್ತಿತ್ತು, ಬೀಸಣಿಗೆಗಳು ಒಂದೊಂದಾಗಿ ನಿಧಾನವಾಗುತ್ತಿದ್ದವು. ಇಷ್ಟು ತಿಂಗಳ ಪಾಡು ಗೆದ್ದವಳಿಗೆ ಹೇಗನ್ನಿಸುತ್ತಿದೆ ಎಂದು ಬರೆದುಕೊಳ್ಳಬೇಕಿತ್ತು ನನಗೆ.

"ಈಗೇನು ಬೇಕು ನಿಂಗೆ, ಹೇಳು?" ಎಂದು ಪಿಸುಗುಟ್ಟಿದೆ.

ಅವಳು ತುಟಿಯ ಮೇಲೆ ಬೆರಳಿಟ್ಟು ಮುಂದಿನ ಸಾಲಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಗೋಡೆಯ ಸೂಲಗಿತ್ತಿಯ ಎದುರಿನಲ್ಲಿ ಎವೆಲಿನಾಳ ತಲೆ ಎದೆಯ ಮೇಲೆ ವಾಲಿತ್ತು. ಬೀಸಣಿಗೆ ಮಡಿಲಿಗೆ ಬಿದ್ದಿತ್ತು. ಅಷ್ಟು ದಿನ ಬಿಗಿಹಿಡಿದ ಮಂಡಿಗಳು ಸಡಿಲವಾಗಿ ಅತ್ತಿತ್ತ ಬಾಗಿದ್ದವು. ಸಣ್ಣ ಗೊರಕೆ ಕೂಡ ಕೇಳುತ್ತಿತ್ತು.

"ಶ್... ನಿದ್ದೆ ಬಂತು ಅವಳಿಗೆ," ಎಂದಳು ಫೋಸ್ಕಾ. "ಇಷ್ಟೇ ಕಣೇ ನಂಗೆ ಬೇಕಾಗಿದ್ದು."